ಮೇದೋಜೀರಕದ ಉರಿ, ವಂಶವಾಹಿ ತಿದ್ದಿದ ಇಲಿ



ಬೆಂಗಳೂರಿನ ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ ರಾತ್ರಿ ಹೊತ್ತು ಮೆಡಿಕಲ್ ಶಾಪಿನ ಮುಂದೆ ನಿಂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಹೊಟ್ಟೆ ನೋವು, ಗ್ಯಾಸ್ಟ್ರಿಕ್ ಇರಬೇಕು, ಒಂದು ಮಾತ್ರೆ ಕೊಡಿ." ಬಹಳ ಸಲ ಅದು ಗ್ಯಾಸ್ಟ್ರಿಕ್ಕೇ. ಆದರೆ ನೋವು ಮೇಲ್ಹೊಟ್ಟೆಯಲ್ಲಿ ಹುಟ್ಟಿ ಬೆನ್ನಿಗೆ ಚುಚ್ಚಿಕೊಂಡು ಹೋಗುತ್ತಿದ್ದರೆ, ಮುಂದಕ್ಕೆ ಬಾಗಿ ಕೂತಾಗ ಮಾತ್ರ ತುಸು ತಗ್ಗುತ್ತಿದ್ದರೆ, ವಾಂತಿ ನಿಲ್ಲದಿದ್ದರೆ, ದಯವಿಟ್ಟು ಮಾತ್ರೆ ನಂಬಿ ಕೂರಬೇಡಿ, ಆಸ್ಪತ್ರೆಗೆ ಹೋಗಿ. ರಕ್ತದಲ್ಲಿ ಲೈಪೇಸ್ ಎಂಬ ಕಿಣ್ವ ಸಾಮಾನ್ಯ ಮಿತಿಯ ಮೂರು ಪಟ್ಟು ದಾಟಿದ್ದರೆ ಅದು ಮೇದೋಜೀರಕದ ಉರಿಯೂತ, ಅಂದರೆ ಪ್ಯಾಂಕ್ರಿಯಾಟೈಟಿಸ್ ಇರಬಹುದು. ಪಿತ್ತಕೋಶದ ಕಲ್ಲು ಮತ್ತು ಮದ್ಯ ಇದಕ್ಕೆ ದೊಡ್ಡ ಕಾರಣಗಳು.

ಜಠರದ ಹಿಂದೆ ಅಡ್ಡಲಾಗಿ ಮಲಗಿರುವ ಈ ಗ್ರಂಥಿ ಪ್ರೊಟೀನನ್ನು ಕತ್ತರಿಸುವ ಟ್ರಿಪ್ಸಿನ್ನನ್ನು ಒರೆಯೊಳಗಿನ ಕತ್ತಿಯ ಹಾಗೆ, ಟ್ರಿಪ್ಸಿನೋಜನ್ ಎಂಬ ನಿಷ್ಕ್ರಿಯ ರೂಪದಲ್ಲಿ ತಯಾರಿಸುತ್ತದೆ. ಸಣ್ಣಕರುಳು ಸೇರಿದ ಮೇಲಷ್ಟೇ ಒರೆ ಕಳಚಬೇಕು. ಗ್ರಂಥಿಯೊಳಗೇ ಕಳಚಿದರೆ? 1896ರಲ್ಲಿ ಪ್ರಾಗ್ ನಗರದ ಹಾನ್ಸ್ ಕಿಯಾರಿ, ಗ್ರಂಥಿ ತನ್ನನ್ನು ತಾನೇ ಜೀರ್ಣಿಸಿಕೊಳ್ಳುತ್ತದೆ ಎಂದರು. ಸರಿಯಾಗಿ ನೂರು ವರ್ಷಕ್ಕೆ, 1996ರಲ್ಲಿ, ಅಮೆರಿಕದ ಡೇವಿಡ್ ವಿಟ್ಕಾಂಬ್ ಅವರ ತಂಡ ತಲೆಮಾರುಗಳಿಂದ ಈ ಕಾಯಿಲೆಯಿರುವ ಕುಟುಂಬಗಳಲ್ಲಿ ಟ್ರಿಪ್ಸಿನೋಜನ್ನಿನ ವಂಶವಾಹಿಯಲ್ಲೇ ದೋಷ ಕಂಡಿತು. ಕಿಯಾರಿಯ ಮಾತೇ ಗೆದ್ದಿತು ಎಂದು ಎಲ್ಲರಿಗೂ ಅನ್ನಿಸಿತು.

ಆದರೆ ರೋಗಿ ಆಸ್ಪತ್ರೆಗೆ ಬರುವ ಹೊತ್ತಿಗೆ ಕಾಯಿಲೆ ಶುರುವಾಗಿ ಗಂಟೆಗಳೇ ಕಳೆದಿರುತ್ತವೆ. ಮೊದಲ ಗಳಿಗೆಯಲ್ಲಿ ಏನಾಯಿತೆಂದು ಮನುಷ್ಯನಲ್ಲಿ ನೋಡುವಂತಿಲ್ಲ. ಇಲಿ ಬೇಕಾದದ್ದು ಅದಕ್ಕೆ. ಆಸ್ಟ್ರೇಲಿಯಾದ ಒಂದು ಹಸಿರು ಮರಗಪ್ಪೆಯ ಚರ್ಮದಲ್ಲಿ ಸಿಕ್ಕ ಸೆರುಲಿನ್ ಎಂಬ ಪದಾರ್ಥವನ್ನು ಇಲಿಗೆ ಗಂಟೆಗೊಮ್ಮೆ ಚುಚ್ಚಿದರೆ ಅದೇ ದಿನ ಮೇದೋಜೀರಕ ನೀರು ತುಂಬಿ ಊದಿಕೊಳ್ಳುತ್ತದೆ. ಸೂಕ್ಷ್ಮದರ್ಶಕದಲ್ಲಿ ಕೋಶಗಳೊಳಗೆ ಗುಳ್ಳೆಗಳು, ಕೋಶಗಳ ನಡುವೆ ನುಗ್ಗಿಬಂದ ಬಿಳಿರಕ್ತಕಣಗಳು ಕಾಣುತ್ತವೆ.

ಈ ಉರಿಯೂತದಲ್ಲಿ ಯಾವುದರ ಪಾತ್ರವೇನೆಂದು ತಿಳಿಯಲು ಇನ್ನು ಒಂದೊಂದೇ ವಂಶವಾಹಿಯನ್ನು ತೆಗೆದು ನೋಡುವುದು. ಇಲಿಯಲ್ಲಿ ಬೇಕಾದ ವಂಶವಾಹಿಯನ್ನು ಅಳಿಸುವ ವಿಧಾನಕ್ಕೆ ಕಪೆಕಿ, ಇವಾನ್ಸ್ ಮತ್ತು ಸ್ಮಿತೀಸ್ 2007ರಲ್ಲಿ ನೊಬೆಲ್ ಪಡೆದರು. ಇಂಥ ಇಲಿಗಳನ್ನು ರೂಪಿಸುವ ಘಟಕ ನಮ್ಮ ಬೆಂಗಳೂರಿನಲ್ಲೇ ಇದೆ, ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದ ಎನ್‌ಸಿಬಿಎಸ್ ಸಂಶೋಧನಾ ಕೇಂದ್ರದಲ್ಲಿ. ತಿದ್ದಿದ ಭ್ರೂಣವನ್ನು ಸಾಕುತಾಯಿ ಇಲಿಯ ಗರ್ಭಕ್ಕೆ ಸೇರಿಸಿದರೆ ಸುಮಾರು ಮೂರು ವಾರಕ್ಕೆ ಮರಿ ಹುಟ್ಟುತ್ತದೆ. ಅದರ ಕಿವಿಯ ಅಥವಾ ಬಾಲದ ಒಂದು ಚೂರಿನಿಂದ ಡಿಎನ್‌ಎ ತೆಗೆದು ಖಚಿತಪಡಿಸಿಕೊಳ್ಳುತ್ತಾರೆ. ದೇಶದಲ್ಲಿ ಇಂಥ ಪ್ರಯೋಗಗಳು 1998ರ ಪ್ರಾಣಿಪ್ರಯೋಗ ನಿಯಮಗಳಿಗೆ ಒಳಪಟ್ಟಿವೆ. ಆ ಪುಟ್ಟ ಜೀವದ ನೋವು ತಗ್ಗಿಸುವ ಹೊಣೆ ಪ್ರಯೋಗದಷ್ಟೇ ದೊಡ್ಡದು.

ಮೇದೋಜೀರಕದ ವಿಷಯದಲ್ಲಿ ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು 2011ರ ಕೆಲಸ. ಅಮೆರಿಕದ ಮಿನೆಸೋಟದಲ್ಲಿ ರಾಜಿಂದರ್ ದಾವ್ರಾ, ಅಶೋಕ್ ಸಲೂಜಾ ಮತ್ತು ಸಂಗಡಿಗರು ಇಲಿಯ ಮುಖ್ಯ ಟ್ರಿಪ್ಸಿನೋಜನ್‌ಗಳಲ್ಲಿ ಒಂದಾದ ಏಳನೆಯದನ್ನು ಅಳಿಸಿದರು. ಸೆರುಲಿನ್ ಚುಚ್ಚಿದಾಗ ಒಳಗೆ ಟ್ರಿಪ್ಸಿನ್ ಏಳಲೇ ಇಲ್ಲ, ಕೋಶಗಳ ಸಾವು ಅರ್ಧಕ್ಕಿಳಿಯಿತು. ಉರಿಯೂತ ಮಾತ್ರ ಹಾಗೇ ಇತ್ತು! ಎನ್‌ಎಫ್-ಕಪ್ಪಾಬಿ ಎಂಬ ಪ್ರೊಟೀನು ಟ್ರಿಪ್ಸಿನ್ನಿಗೆ ಕಾಯದೆ ಬೇರೆ ದಾರಿಯಲ್ಲಿ ಉರಿ ಎಬ್ಬಿಸಿತ್ತು. ಕಿಯಾರಿ ಹೇಳಿದ್ದು ಅರ್ಧ ಸತ್ಯ. ಹಾಗೆಂದು ಟ್ರಿಪ್ಸಿನ್ ನಿರಪರಾಧಿಯೂ ಅಲ್ಲ: 2018ರಲ್ಲಿ ಗೈಸ್ ಮತ್ತು ಶಾಹಿನ್-ತೋತ್, ಅದೇ ಟ್ರಿಪ್ಸಿನೋಜನ್ ಸಲೀಸಾಗಿ ಒರೆ ಕಳಚುವಂತೆ ತಿದ್ದಿದ ಇಲಿಯಲ್ಲಿ ಯಾವ ಚುಚ್ಚುಮದ್ದೂ ಇಲ್ಲದೆ ಕಾಯಿಲೆ ತಾನಾಗಿ ಹುಟ್ಟಿದ್ದನ್ನು ತೋರಿಸಿದರು.

ನಮ್ಮವರ ಲೆಕ್ಕವೂ ಬೇರೆ. ದಕ್ಷಿಣ ಭಾರತದಲ್ಲಿ, ಅದರಲ್ಲೂ ಕೇರಳದಲ್ಲಿ, ಮದ್ಯ ಮುಟ್ಟದ ಎಳೆಯರಲ್ಲೂ ಗ್ರಂಥಿಯೊಳಗೆ ಸುಣ್ಣದ ಕಲ್ಲು ಕಟ್ಟುವ ಒಂದು ಬಗೆಯಿದೆ. 2002ರಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಗಿರಿರಾಜ್ ಚಂದಕ್ ಮತ್ತು ಸಹೋದ್ಯೋಗಿಗಳು ಇಂಥ ರೋಗಿಗಳನ್ನು ಪರೀಕ್ಷಿಸಿದಾಗ, ನಂಟು ಕಂಡದ್ದು ವಿಟ್ಕಾಂಬ್ ಹೇಳಿದ ವಂಶವಾಹಿಯಲ್ಲಲ್ಲ, ಟ್ರಿಪ್ಸಿನ್ನಿಗೆ ಕಡಿವಾಣ ಹಾಕುವ ಸ್ಪಿಂಕ್1 ವಂಶವಾಹಿಯಲ್ಲಿ. ಇಲಿಯಲ್ಲಿ ಇದಕ್ಕೆ ಸಮನಾದ ಸ್ಪಿಂಕ್3ನ್ನು ಪೂರ್ತಿ ಅಳಿಸಿದರೆ ಮರಿಗಳು ಎರಡು ವಾರ ದಾಟುವುದಿಲ್ಲ. ಮನುಷ್ಯರಲ್ಲಿ ಸ್ಪಿಂಕ್1 ದೋಷ ಹೊತ್ತ ಬಹುಪಾಲು ಜನ ಆರೋಗ್ಯವಾಗೇ ಇರುತ್ತಾರೆ. ಇಲಿಯಿಂದ ಮನುಷ್ಯನಿಗೆ ನೇರ ಗೆರೆ ಎಳೆಯಲಾಗದು.

ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಿರಲಿ, ವಿದೇಶದ್ದಿರಲಿ, ತೀವ್ರ ಉರಿಯೂತಕ್ಕೆ ಇವತ್ತಿಗೂ ಡ್ರಿಪ್, ನೋವಿನ ಮದ್ದು, ಆದಷ್ಟು ಬೇಗ ಆಹಾರ, ಕಾರಣವಾದ ಕಲ್ಲಿನ ಚಿಕಿತ್ಸೆ, ಇವೇ ಆಧಾರ. ಟ್ರಿಪ್ಸಿನ್ ತಡೆಯುವ ಗ್ಯಾಬೆಕ್ಸೇಟ್‌ನಂಥ ಮದ್ದುಗಳು ರೋಗಿಗಳಲ್ಲಿ ನಿರೀಕ್ಷಿಸಿದ ಫಲ ಕೊಡಲಿಲ್ಲ. ಏಕೆಂಬುದಕ್ಕೆ ಮಿನೆಸೋಟದ ಇಲಿ ಒಂದು ಸುಳಿವು ಕೊಟ್ಟಿದೆ: ಟ್ರಿಪ್ಸಿನ್ನನ್ನು ಕಟ್ಟಿಹಾಕಿದರೂ ಉರಿಗೆ ಇನ್ನೊಂದು ದಾರಿ ತೆರೆದೇ ಇರುತ್ತದೆ. ಆ ದಾರಿಗೆ ಅಡ್ಡ ಹಾಕುವ ಮದ್ದಿನ ಹುಡುಕಾಟ ಇಂಥ ಇಲಿಗಳಲ್ಲೇ ನಡೆದಿದೆ.