‘ಚೆನ್ನಾಗಿದೆ’ ಎಂದರೆ ಸಾಲದು



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಶಾಲೆ ಕಾಲೇಜುಗಳಲ್ಲಿ ಓದುತ್ತಿರುವ ನಿಮ್ಮೊಡನೆ ಇಂದು ನಾವೆಲ್ಲರೂ ದಿನವೂ ಮಾಡುವ ಒಂದು ಕೆಲಸದ ಬಗ್ಗೆ ಮಾತನಾಡಬೇಕೆಂದಿದ್ದೇನೆ. ಅದು ಅಭಿಪ್ರಾಯ ಹೇಳುವ ಕೆಲಸ. ಸಿನಿಮಾ ನೋಡಿ ಹೊರಗೆ ಬಂದವರನ್ನು ‘ಹೆಂಗಿತ್ತು?’ ಎಂದು ಕೇಳಿ. ಸಾಮಾನ್ಯವಾಗಿ ಬರುವ ಉತ್ತರ ಎರಡೇ: ‘ಭಾರಿ ಐತಿ’, ಇಲ್ಲವೇ ‘ಏನೂ ಇಲ್ಲ ಬಿಡ್ರಿ’. ಹೇಳಬೇಕಾದದ್ದೆಲ್ಲ ಈ ಎರಡರ ನಡುವೆ ಉಳಿದುಬಿಡುತ್ತದೆ. ರಬಕವಿ-ಬನಹಟ್ಟಿಯ ನೇಕಾರರ ಮನೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೀರೆ ಬಲ್ಲವರು ಬಣ್ಣವೊಂದನ್ನೇ ನೋಡಿ ತೀರ್ಪು ಕೊಡುವುದಿಲ್ಲ. ಬೆರಳಲ್ಲಿ ಹಿಡಿದು, ಹಿಂಬದಿ ತಿರುವಿ, ಹಾಸು-ಹೊಕ್ಕು ನೋಡಿ, ಆಮೇಲೆ ಮಾತನಾಡುತ್ತಾರೆ. ಚಲನಚಿತ್ರ, ದೂರದರ್ಶನ ಕಾರ್ಯಕ್ರಮ, ಬಯಲಾಟಗಳನ್ನೂ ಹೀಗೆಯೇ ತಿರುವಿ ನೋಡಬಹುದು.

ನಾನು ಓದಿದ್ದು ವಿಜ್ಞಾನ. ಮಾಡುತ್ತಿರುವುದು ದೂರದರ್ಶನ ಕಾರ್ಯಕ್ರಮಗಳ ನಿರ್ಮಾಣ. ಪ್ರಯೋಗಾಲಯದಲ್ಲಿ ಕಲಿತ ಕ್ರಮ ಈ ವೃತ್ತಿಯಲ್ಲೂ ಉಪಯೋಗಕ್ಕೆ ಬರುತ್ತದೆ. ಮೊದಲು ಕಂಡದ್ದನ್ನು ಬರೆದುಕೊಳ್ಳಬೇಕು, ನಂತರ ಕಾರಣ ಹುಡುಕಬೇಕು, ಕಡೆಗೆ ತೀರ್ಮಾನಕ್ಕೆ ಬರಬೇಕು. ಮುಂದೆ ಹೇಳುವುದೆಲ್ಲ ನನ್ನ ಸ್ವಂತ ಅಭಿಪ್ರಾಯ. ನೀವು ಒಪ್ಪಲೇಬೇಕೆಂದಿಲ್ಲ, ಒಪ್ಪದಿದ್ದರೆ ಕಾರಣ ಮಾತ್ರ ಕೊಡಬೇಕು.

ಮೊದಲು ಸಿನಿಮಾ. ರಾಮ್ ರೆಡ್ಡಿ ಅವರ ‘ತಿಥಿ’ 2016ರಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂತು. ಮಂಡ್ಯದ ಕಡೆಯ ಹಳ್ಳಿ. ನೂರು ದಾಟಿದ ಸೆಂಚುರಿ ಗೌಡನ ಸಾವು. ಹನ್ನೊಂದನೆಯ ದಿನದ ತಿಥಿಯವರೆಗೆ ಮಗ, ಮೊಮ್ಮಗ, ಮರಿಮಗ ಮೂವರೂ ನಡೆದ ಮೂರು ದಾರಿ. ನಟಿಸಿದವರು ಆ ಕಡೆಯ ಹಳ್ಳಿಗಳ ಜನ. ಹಳ್ಳಿಯವರನ್ನು ದೇವರನ್ನಾಗಿಯೂ ಮಾಡದೆ, ಪೆದ್ದರನ್ನಾಗಿಯೂ ಮಾಡದೆ ತೋರಿಸಿದ್ದು ಆ ಚಿತ್ರದ ದೊಡ್ಡ ಗುಣ. 2022ರ ‘ಕಾಂತಾರ’ದಲ್ಲಿ ಕೊನೆಯ ಭಾಗದ ದೈವಾವೇಶ ನನ್ನನ್ನು ಕುರ್ಚಿಯಿಂದ ಏಳಗೊಡಲಿಲ್ಲ. ರಿಷಬ್ ಶೆಟ್ಟಿ ಅವರಿಗೆ ಆ ಪಾತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಬಂದದ್ದು ನ್ಯಾಯವೇ. ಆದರೆ ಅದೇ ಚಿತ್ರದಲ್ಲಿ ನಾಯಕ ನಾಯಕಿಯನ್ನು ಚಿವುಟುವುದನ್ನು ತಮಾಷೆಯೆಂದು ತೋರಿಸಿದ್ದಾರೆ. ನಿಮ್ಮ ತರಗತಿಯ ಹುಡುಗಿಯೊಬ್ಬಳಿಗೆ ಹಾಗಾದರೆ ಅದು ತಮಾಷೆಯೇ? ಒಂದೇ ಚಿತ್ರವನ್ನು ಒಂದು ಕಡೆ ಮೆಚ್ಚಿ, ಇನ್ನೊಂದು ಕಡೆ ಪ್ರಶ್ನಿಸಬಹುದು. ಅದು ದ್ರೋಹವಲ್ಲ, ವಿಮರ್ಶೆ. 2025ರ ‘ಸು ಫ್ರಮ್ ಸೋ’ ಮೈಮೇಲೆ ದೆವ್ವ ಬಂದಂತೆ ನಟಿಸಿದ ಹುಡುಗನ ಕಥೆಯಿಂದ ನಗಿಸುತ್ತಾ ಹೋಗಿ, ಒಬ್ಬ ಹೆಣ್ಣುಮಗಳ ಕಷ್ಟದ ಮುಂದೆ ನಮ್ಮನ್ನು ನಿಲ್ಲಿಸುತ್ತದೆ. ನಗುತ್ತಿದ್ದ ಊರು ಹೊಣೆ ಹೊರಬೇಕಾಗುತ್ತದೆ. ನನಗೆ ಅದು ಹಿಡಿಸಿತು.

ಈ ಮೂರು ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿ. ಒಂದು ಮಂಡ್ಯದ ಮಾತಿನಲ್ಲಿದೆ, ಎರಡು ಕರಾವಳಿಯ ಮಾತಿನಲ್ಲಿವೆ. ಆ ಮಾತು ಬಲ್ಲದವರೂ ಹೋಗಿ ನೋಡಿದರು. ಹಾಗಿದ್ದರೆ ಕೃಷ್ಣಾ-ಘಟಪ್ರಭಾ ತೀರದ ಮಾತು ಪರದೆಯ ಮೇಲೆ ಎಲ್ಲಿದೆ? 1997ರಲ್ಲಿ ಟಿ. ಎಸ್. ನಾಗಾಭರಣ ಅವರು ಗಿರೀಶ ಕಾರ್ನಾಡರ ನಾಟಕವನ್ನು ಆಧರಿಸಿ ‘ನಾಗಮಂಡಲ’ ತೆಗೆದಾಗ, ಅದರ ಮುಖ್ಯ ಪಾತ್ರಗಳೇ ಉತ್ತರ ಕರ್ನಾಟಕದ ಮಾತನ್ನಾಡಿದವು. ಪ್ರೀತಿ, ಅನುಮಾನ, ಭಯ ಎಲ್ಲವೂ ಆ ಮಾತಿನಲ್ಲೇ ಬಂದವು. ಆದರೆ ಕಿರುತೆರೆಯ ನಗೆ ಕಾರ್ಯಕ್ರಮಗಳಲ್ಲಿ ಹೆಚ್ಚಾಗಿ ಕಾಣುವುದೇನು? ‘ಹೌದ್ರಿ’, ‘ಏನ್ರಿ’ ಎನ್ನುವವನು ಬಂದನೆಂದರೆ ಸಭೆ ನಗಲು ಸಿದ್ಧ. ಮಾತಿನಲ್ಲಿ ಹಾಸ್ಯವಿದೆಯೋ ಇಲ್ಲವೋ, ಉಚ್ಚಾರಣೆಯೇ ಹಾಸ್ಯವೆಂದು ಎಣಿಸಿಬಿಟ್ಟಿದ್ದಾರೆ. ನಮ್ಮ ಹಾಸ್ಯಕ್ಕೆ ನಾವೇ ನಗುವುದು ಆರೋಗ್ಯ. ನಮ್ಮ ಮಾತು ನಗಿಸುವುದಕ್ಕಲ್ಲದೆ ಬೇರೆ ಯಾವುದಕ್ಕೂ ಆಗದೆಂದು ನಾವೇ ನಂಬುವುದು ಕಾಯಿಲೆ. ಸಂದರ್ಶನಕ್ಕೆ ಹೋದಾಗ, ಪರಸ್ಥಳದ ಕಾಲೇಜಿಗೆ ಸೇರಿದಾಗ, ಬಾಯಿ ತೆರೆಯಲು ಸಂಕೋಚಪಡುವ ಹುಡುಗ ಹುಡುಗಿಯರನ್ನು ನೀವೂ ಕಂಡಿರಬಹುದು.

ಈ ಕಾಯಿಲೆಗೆ ಮದ್ದು ನಿಮ್ಮ ಕಡೆಯೇ ಇದೆ. ಅದು ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣ ರಚಿಸಿದ, ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ಬೆಳೆಸಿ ಹರಡಿದ, ಕೌಜಲಗಿ ನಿಂಗಮ್ಮ ಅವರಂಥ ಕಲಾವಿದೆ ಮೆರೆಸಿದ ಆಟ ಇದು. ನಾರದ ತಂದ ಪಾರಿಜಾತದ ಹೂವು ರುಕ್ಮಿಣಿಯ ಪಾಲಾಗುತ್ತದೆ, ಸತ್ಯಭಾಮೆ ಮುನಿಯುತ್ತಾಳೆ, ಕೃಷ್ಣ ಕೊರವಂಜಿಯಾಗಿ ಬರುತ್ತಾನೆ. ಕಥೆ ಪುರಾಣದ್ದು. ಆದರೆ ಭಾಗವತ ಭಾಮೆಯನ್ನು ಮಾತಿಗೆಳೆದಾಗ ಅವಳು ಉತ್ತರ ಕೊಡುವುದು ನಿಮ್ಮ ಓಣಿಯ ಹೆಣ್ಣುಮಕ್ಕಳ ಮಾತಿನಲ್ಲಿ. ಕಿರುತೆರೆಯಲ್ಲಿ ಕೋಡಂಗಿಗೆ ಕೊಟ್ಟ ಮಾತನ್ನು ಪಾರಿಜಾತ ರಾಣಿಗೆ ಕೊಟ್ಟಿದೆ, ದೇವರಿಗೂ ಕೊಟ್ಟಿದೆ. ಭಾಮೆಯ ಮಾತಿಗೂ ಜನ ನಗುತ್ತಾರೆ. ಆದರೆ ಅದು ಅವಳ ಜಾಣತನಕ್ಕೆ ಬರುವ ನಗು, ಉಚ್ಚಾರಣೆಗೆ ಬರುವ ನಗುವಲ್ಲ. ಈ ಎರಡು ನಗುಗಳ ವ್ಯತ್ಯಾಸ ತಿಳಿದವನು ಅರ್ಧ ವಿಮರ್ಶಕನಾದ ಹಾಗೆಯೇ.

ಇನ್ನು ನನ್ನ ವೃತ್ತಿಯ ಒಂದು ಗುಟ್ಟು. ಸಿನಿಮಾ ಸೆಕೆಂಡಿಗೆ 24 ಸ್ಥಿರಚಿತ್ರಗಳನ್ನು ತೋರಿಸುತ್ತದೆ, ನಮ್ಮ ದೇಶದ ದೂರದರ್ಶನ 25. ಇವು ಚಲಿಸಿದಂತೆ ಕಾಣುವುದು ನಮ್ಮ ಕಣ್ಣು ಮತ್ತು ಮಿದುಳಿನ ಕೆಲಸ. ಅದಕ್ಕಿಂತ ದೊಡ್ಡ ಮಾಯೆ ಸಂಕಲನದಲ್ಲಿದೆ. ಹಾಡಿನ ಸ್ಪರ್ಧೆಯೊಂದನ್ನು ಹಲವು ಕ್ಯಾಮೆರಾಗಳು ಒಟ್ಟಿಗೆ ಚಿತ್ರಿಸುತ್ತವೆ. ಮಗು ಹಾಡುವಾಗ ತೀರ್ಪುಗಾರರ ಕಣ್ಣೀರು, ತಾಯಿಯ ಮುಗಿದ ಕೈ, ಸಭೆಯ ಚಪ್ಪಾಳೆ ನಡುನಡುವೆ ಬಂದು ಸೇರುತ್ತವೆ. ಆ ಕಣ್ಣೀರು ಅದೇ ಸಾಲಿಗೆ ಬಂದದ್ದೇ ಆಗಿರಬೇಕೆಂದಿಲ್ಲ. ಬೇರೆ ಗಳಿಗೆಯ ಮುಖವನ್ನು ಅಲ್ಲಿ ಜೋಡಿಸಲು ಸಂಕಲನಕಾರನಿಗೆ ಸಾಧ್ಯ. ಹಿನ್ನೆಲೆ ಸಂಗೀತ ಯಾವಾಗ ಅಳಬೇಕೆಂದು ನಿಮಗೆ ಸೂಚನೆ ಕೊಡುತ್ತದೆ. ಹಾಡು ಹೇಗಿತ್ತೆಂದು ತಿಳಿಯಬೇಕೇ? ಕಣ್ಣು ಮುಚ್ಚಿ ಕೇಳಿ. ಆಗ ಉಳಿಯುವುದು ಹಾಡು ಮಾತ್ರ. ಚಂದನ ವಾಹಿನಿಯಲ್ಲಿ 2002ರಲ್ಲಿ ಆರಂಭವಾದ ‘ಥಟ್ ಅಂತ ಹೇಳಿ’ ನನಗೆ ಇಷ್ಟವಾಗಲು ಕಾರಣವೂ ಇದೇ. ಡಾ. ನಾ. ಸೋಮೇಶ್ವರ ಅವರು ಪ್ರಶ್ನೆ ಕೇಳುತ್ತಿದ್ದರು, ಸರಿಯುತ್ತರಕ್ಕೆ ಪುಸ್ತಕ ಸಿಗುತ್ತಿತ್ತು. ಅಳುವಿಗೆ ಅಲ್ಲಿ ಕೆಲಸವಿರಲಿಲ್ಲ.

ಬಯಲಾಟದಲ್ಲಿ ಸಂಕಲನಕಾರನಿಲ್ಲ. ಭಾಮೆಯನ್ನು ನೋಡಬೇಕೋ, ಹಾರ್ಮೋನಿಯಂ ನುಡಿಸುವವರ ಬೆರಳು ನೋಡಬೇಕೋ, ಪಕ್ಕದಲ್ಲಿ ಕುಳಿತ ಅಜ್ಜಿಯ ಮುಖ ನೋಡಬೇಕೋ, ಆಯ್ಕೆ ನಿಮ್ಮದು. ನಟಿ ಮಾತು ಮರೆತರೆ ನಿಮ್ಮ ಎದುರಿನಲ್ಲೇ ಮರೆಯುತ್ತಾಳೆ, ನಿಮ್ಮ ಎದುರಿನಲ್ಲೇ ಸಾವರಿಸಿಕೊಳ್ಳುತ್ತಾಳೆ. ಆಟ ಎಳೆದಂತಾಗುವುದೂ ಉಂಟು. ನಡುರಾತ್ರಿ ನಿದ್ದೆ ಬರುವುದೂ ಉಂಟು. ಅದನ್ನೂ ಬರೆಯಿರಿ. ಜಾನಪದವೆಂಬ ಒಂದೇ ಕಾರಣಕ್ಕೆ ಹೊಗಳಿದರೆ ಕಲಾವಿದರಿಗೆ ಅದರಿಂದ ಲಾಭವಿಲ್ಲ. ಆದರೆ ಉತ್ಸವಗಳಲ್ಲಿ ಸಿನಿಮಾ ಗಾಯಕರಿಗೆ ಸಂಜೆಯ ಒಳ್ಳೆಯ ಹೊತ್ತು ಕೊಟ್ಟು, ಊರಿನ ಮೇಳವನ್ನು ಕುರ್ಚಿ ಖಾಲಿಯಾದ ಮೇಲೆ ಹತ್ತಿಸುವುದನ್ನು ಕಂಡರೆ, ಅದನ್ನೂ ಬರೆಯಿರಿ.

ಬೀಳಗಿಯವರಿಗೆ ಒಂದು ಮಾತು. ನಿಮ್ಮ ಊರಿನಲ್ಲಿ ಹುಟ್ಟಿದ ಅಮೀರಬಾಯಿ 1943ರ ‘ಕಿಸ್ಮತ್’ ಚಿತ್ರಕ್ಕೆ ಹಾಡಿ ದೇಶಕ್ಕೆಲ್ಲ ಪರಿಚಿತರಾದರು. ಆ ಚಿತ್ರ ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಅವರ ಅಕ್ಕ ಗೋಹರಬಾಯಿ ಬಾಲಗಂಧರ್ವರೊಡನೆ ಮರಾಠಿ ರಂಗಭೂಮಿಯಲ್ಲಿ ಹೆಸರಾದರು. ಮುಂಬಯಿಗೆ ಹೋಗಿ ಹಿಂದಿ, ಮರಾಠಿಗಳಲ್ಲಿ ಬಾಳಿದರೂ ಇಬ್ಬರೂ ಹೆಸರಿನ ಮುಂದೆ ಉಳಿಸಿಕೊಂಡ ಗುರುತು ‘ಕರ್ನಾಟಕಿ’. ಊರನ್ನು ಮುಚ್ಚಿಟ್ಟು ಅವರು ದೊಡ್ಡವರಾಗಲಿಲ್ಲ.

ಆದ್ದರಿಂದ ಒಂದು ಎರಡು ರೂಪಾಯಿ ಹೆಚ್ಚಾದರೂ ಸರಿ, ಒಂದು ನೋಟ್ ಪುಸ್ತಕ ಕೊಳ್ಳಿ. ಏನನ್ನೇ ನೋಡಿದರೂ ಮೂರು ಪ್ರಶ್ನೆಗೆ ಉತ್ತರ ಬರೆಯಿರಿ. ನಾನು ಕಂಡದ್ದೇನು? ನನಗೆ ಹಾಗೆ ಅನ್ನಿಸುವಂತೆ ಮಾಡಿದ್ದು ಯಾವುದು: ನಟನೆಯೋ, ಮಾತೋ, ಸಂಗೀತವೋ, ಸಂಕಲನವೋ? ಯಾರನ್ನು ನೋಡಿ ನಗಿಸಿದರು, ಯಾಕೆ? ಹೀಗೆ ಬರೆಯುತ್ತಾ ಹೋದಂತೆ ನೋಡುಗರಾದ ನಿಮ್ಮಲ್ಲಿಯೇ ಕೆಲವರು ಬರೆಯುವವರಾಗುತ್ತೀರಿ. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಬೀಳಗಿ ತಾಲೂಕಿನ ಊರುಗಳು, ಮಗ್ಗದ ಸದ್ದಿನಲ್ಲಿ ಬೆಳೆದ ಬನಹಟ್ಟಿಯ ಓಣಿಗಳು, ಮುಧೋಳ-ಜಮಖಂಡಿಯ ಕಬ್ಬಿನ ಹೊಲಗಳು: ಚಿತ್ರ ಮಾಡಲು ಇವು ಸಾಲದ ವಸ್ತುಗಳೇ? ಹೊರಗಿನವರು ಬಂದು ನಿಮ್ಮ ಕಥೆ ಹೇಳಲಿ ಎಂದು ಕಾಯಬೇಡಿ. ನಿಮ್ಮದೇ ಮಾತಿನಲ್ಲಿ ನೀವೇ ಹೇಳಿ. ಆಗ ಅದನ್ನು ನೋಡಿ ‘ಹೆಂಗಿತ್ತು?’ ಎಂದು ಕೇಳುವ ಸರದಿ ನಮ್ಮದಾಗಲಿ.