ನಿಮ್ಮ ಬರಹ ನಿಮ್ಮ ಕೈಯಲ್ಲಿರಲಿ

(ಯುವಜನರ ಸಭೆಯಲ್ಲಿ ಮಾಡಿದ ಭಾಷಣ)



ಕವನ, ಸಿನಿಮಾ ವಿಮರ್ಶೆ, ಊರ ಸುದ್ದಿ, ನೀವು ಕನ್ನಡದಲ್ಲಿ ಎಲ್ಲವನ್ನೂ ಬರೆಯುತ್ತೀರಿ. ಸಂತೋಷ. ಆದರೆ ಬರೆದದ್ದು ಎಲ್ಲಿದೆ? ಯಾವುದೋ ಕಂಪನಿಯ ಜಗಲಿಯ ಮೇಲೆ! ಅವರು ಬಾಗಿಲು ಹಾಕಿದ ದಿನ ಅದರ ಗತಿಯೇನು?

ಇದು ಸುಮ್ಮನೆ ಹೆದರಿಸುವ ಮಾತಲ್ಲ. ನಮ್ಮ ಹುಡುಗರು ಹಗಲಿರುಳು ಕುಳಿತಿದ್ದ ಆರ್ಕುಟ್ 2014ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಮುಚ್ಚಿತು. ನಕಲು ಇಟ್ಟುಕೊಂಡವರ ಬರಹ ಉಳಿಯಿತು. ಉಳಿದವರದು?

ದಾರಿ ಇದೆ. ಸ್ಟ್ಯಾಟಿಕ್ ಸೈಟ್ ಜನರೇಟರ್ ಎಂಬ ತಂತ್ರಾಂಶ. ಹೆಸರಿಗೆ ಹೆದರಬೇಡಿ, ಇದರದು ಅಚ್ಚುಕೂಟದ ಕೆಲಸ. ಒಂದೊಂದು ಲೇಖನವನ್ನೂ ನಿಮ್ಮ ಕಂಪ್ಯೂಟರಿನಲ್ಲಿ ಒಂದೊಂದು ಸಾದಾ ಕಡತವಾಗಿ ಬರೆದಿಡಿ. ತಲೆಬರಹ, ದಪ್ಪಕ್ಷರಗಳಿಗೆ ಮಾರ್ಕ್‌ಡೌನ್ ಎಂಬ ನಾಲ್ಕಾರು ಗುರುತುಗಳು ಸಾಕು. ತಂತ್ರಾಂಶ ಅವನ್ನೆಲ್ಲ ಒಂದೇ ಅಚ್ಚಿಗೆ ಹಾಕಿ ಸಿದ್ಧಪುಟಗಳನ್ನು ಮಾಡಿಕೊಡುತ್ತದೆ. ಅವನ್ನು ಸರ್ವರ್‌ಗೆ ಏರಿಸಿದರೆ ನಿಮ್ಮ ವೆಬ್‌ಸೈಟ್ ಸಿದ್ಧ! ಓದುಗ ಬಂದಾಗಲೆಲ್ಲ ಪುಟ ಹೊಸದಾಗಿ ಕಟ್ಟುವ ಗೋಜಿಲ್ಲ, ಡೇಟಾಬೇಸ್ ಇಲ್ಲ. ಹಾಗಾಗಿ ಖರ್ಚೂ ಕಡಿಮೆ, ಕಳ್ಳರು ನುಗ್ಗುವ ಕಿಂಡಿಗಳೂ ಕಡಿಮೆ. 2008ರಲ್ಲಿ ಬಂದ ಜೆಕಿಲ್, 2013ರಲ್ಲಿ ಬಂದ ಹ್ಯೂಗೋ ಎರಡೂ ಉಚಿತ.

ಕನ್ನಡಿಗರಿಗೆ ಎರಡು ಎಚ್ಚರಿಕೆ. ಒಂದು, ಯೂನಿಕೋಡ್‌ನಲ್ಲೇ ಬರೆಯಿರಿ. ಹಳೆಯ ಫಾಂಟ್‌ಗಳಲ್ಲಿ ಬರೆದದ್ದು, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗುತ್ತದೆ. ಎರಡು, ಸೈಟಿನ ಭಾಷೆ ನಮೂದಿಸುವ ಜಾಗದಲ್ಲಿ ಇಂಗ್ಲಿಷಿನ ಗುರುತಿದ್ದರೆ ತೆಗೆದು ಕನ್ನಡದ 'ಕೆಎನ್' ಹಾಕಿ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶ ಯಾವ ಭಾಷೆಯ ದನಿ ಬಳಸಬೇಕೆಂದು ನೋಡುವುದು ಈ ಗುರುತನ್ನೇ. 'ರೀಡ್ ಮೋರ್' ಕಿತ್ತು 'ಮುಂದೆ ಓದಿ' ಎಂದು ಬರೆಯಿರಿ. ಕನ್ನಡದ ಪುಟ ತಾನು ಇಂಗ್ಲಿಷೆಂದು ಹೇಳಿಕೊಂಡರೆ ನಮಗೆ ಶೋಭೆಯೇ?

ಕಷ್ಟವೇ ಇಲ್ಲ ಎನ್ನಲಾರೆ. ಮೊದಲ ವಾರ ತಲೆ ಬಿಸಿಯಾಗುತ್ತದೆ. ಸ್ವಂತ ಹೆಸರಿನ ವಿಳಾಸಕ್ಕೆ ವರ್ಷ ವರ್ಷವೂ ಹಣ ಕಟ್ಟಬೇಕು. ಪುಟ ಇಡುವ ಜಾಗವೂ ಇನ್ನೊಬ್ಬರದೇ. ಆದರೆ ಅವರು ಬಾಗಿಲು ಹಾಕಿದರೂ ಕಡತಗಳ ಗಂಟು ಹೊತ್ತು ಬೇರೆ ಮನೆಗೆ ಹೋಗಬಹುದು. ಗಂಟು ನಿಮ್ಮದು!

ಗೆಳೆಯರೇ, ಕನ್ನಡ ಉಳಿಯಲೆಂದು ಘೋಷಣೆ ಕೂಗಿದರೆ ಸಾಲದು. ನೀವು ಬರೆದ ಕನ್ನಡವನ್ನು ಮೊದಲು ನೀವು ಉಳಿಸಿಕೊಳ್ಳಿ. ಈ ಭಾನುವಾರವೇ ಹಳೆಯ ಬರಹಗಳನ್ನೆಲ್ಲ ಇಳಿಸಿಕೊಂಡು, ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿಡಿ. ಅಲ್ಲಿಂದ ಶುರುವಾಗಲಿ.