ನಿಮ್ಮೂರು ಯಾವುದು?



ಪುಣೆಯಲ್ಲಿ ಇಬ್ಬರು ಕನ್ನಡದವರು ಸಿಕ್ಕರೆ ಮೊದಲ ಪ್ರಶ್ನೆ, ‘ನಿಮ್ಮೂರು ಯಾವುದು?’ ಹಿಂಜವಾಡಿಯ ಆಫೀಸಲ್ಲಿ ಯಾರು ಕೇಳಿದರೂ ನಾನು ‘ಧಾರವಾಡ’ ಅಂತೀನಿ. ಸುಳ್ಳಲ್ಲ. ಆದರೆ ನಾನು ಹುಟ್ಟಿದ್ದು ಇದೇ ಪುಣೆಯಲ್ಲಿ. ಮೂರು ತಿಂಗಳ ಕೂಸಿದ್ದಾಗ ಇಲ್ಲಿನ ಒಂದು ಸಂಸ್ಥೆಯಿಂದ ಅಪ್ಪ-ಅವ್ವ ನನ್ನನ್ನ ದತ್ತು ತಗೊಂಡ್ರು. ಬೆಂಗಳೂರಿನ ಆಫರ್ ಬಿಟ್ಟು ಇಲ್ಲಿಗೆ ಬಂದಿದ್ದು ಹೆತ್ತವಳನ್ನು ಹುಡುಕೋಕೆ. ಅದನ್ನ ಅವ್ವನಿಗೂ ಹೇಳಿರಲಿಲ್ಲ.

ಈ ಊರಿಗೆ ಇಂಥ ಹುಡುಕಾಟ ಹೊಸದಲ್ಲ. ಅರುಣ್ ಡೋಹ್ಲೆ ಅಂತ ಒಬ್ಬರಿದ್ದಾರೆ. 1973ರಲ್ಲಿ ಹುಟ್ಟಿ, ಪುಣೆಯ ಅನಾಥಾಲಯದಿಂದ ಜರ್ಮನಿಯ ದಂಪತಿಗೆ ದತ್ತು ಹೋದವರು. ದಾಖಲೆಗಾಗಿ ಸುಪ್ರೀಂ ಕೋರ್ಟ್‌ವರೆಗೂ ಹೋಗಿ, 2010ರಲ್ಲಿ ತಾಯಿಯನ್ನು ಕಂಡರು. ಅದನ್ನ ಓದಿ ನನಗೂ ಧೈರ್ಯ ಬಂತು.

ಈಗ ಅದಕ್ಕೆ ನಿಯಮಗಳಿವೆ. ದತ್ತು ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ‘ಕಾರಾ’. 18 ತುಂಬಿದವರು ತಾವೇ ಅರ್ಜಿ ಹಾಕಬಹುದು. ಚಿಕ್ಕವರಾದರೆ ಸಾಕಿದ ತಂದೆ-ತಾಯಿಯೂ ಸೇರಬೇಕು. ನಮ್ಮ ಪರವಾಗಿ ಬೇರೆಯವರು ಹುಡುಕುವ ಹಾಗಿಲ್ಲ. ಹೆತ್ತವರು ಹೆಸರು ಹೇಳಬೇಡಿ ಅಂದಿದ್ದರೆ ಮೊದಲು ಅವರ ಒಪ್ಪಿಗೆ ಬೇಕು.

ದತ್ತು ಕಾಗದ ಅವ್ವನ ಟ್ರಂಕಿನಲ್ಲಿತ್ತು. ಫೋನಲ್ಲಿ ಕೇಳೋಕೆ ಬಾಯಿ ಬರಲಿಲ್ಲ. ಶುಕ್ರವಾರ ರಾತ್ರಿ ಸ್ವಾರಗೇಟಿನಲ್ಲಿ ಬಸ್ ಹತ್ತಿದೆ. ನಾನು ವಿಷಯ ಹೇಳಿದಾಗ ಅವ್ವ ರೊಟ್ಟಿ ಬಡೀತಿದ್ದಳು. ಹಂಚಿನ ಮೇಲಿದ್ದ ರೊಟ್ಟಿ ಹೊತ್ತಿಹೋಯಿತು. ಆಮೇಲೆ ಅಂದಳು, ‘ಇಷ್ಟ ದಿನಾ ಯಾಕ ಕೇಳಲಿಲ್ಲವ್ವಾ? ನಾ ಬ್ಯಾಡ ಅಂತೀನಿ ಅನ್ಕೊಂಡಿದ್ದಿ ಏನ?’ ಅಪ್ಪನೇ ಎದ್ದು ಟ್ರಂಕ್ ತೆಗೆದರು.

ಆರು ತಿಂಗಳಿಗೆ ಉತ್ತರ ಬಂತು. ಆಕೆ ಬದುಕಿದ್ದಾಳೆ. ಸಂಸಾರ ಇದೆ. ಮನೆಯವರಿಗೆ ನನ್ನ ವಿಷಯ ಗೊತ್ತಿಲ್ಲ. ಭೇಟಿ ಬೇಡ.

ಹೀಗೆ ಬೇಡ ಅಂದಾಗಲೂ, ಯಾವ ಪರಿಸ್ಥಿತಿಯಲ್ಲಿ ಮಗುವನ್ನು ಬಿಟ್ಟುಕೊಟ್ಟರು ಅನ್ನೋದನ್ನ ತಿಳಿಸಬೇಕು ಅಂತ ನಿಯಮ. ತಿಳಿಸಿದರು. ಮದುವೆ ಆಗಿರಲಿಲ್ಲ, ವಯಸ್ಸು ಹತ್ತೊಂಬತ್ತು. ಈಗಿನ ನನಗಿಂತ ಹತ್ತು ವರ್ಷ ಚಿಕ್ಕ ಹುಡುಗಿ. ಅಲ್ಲಿವರೆಗೂ ನನ್ನ ಮನಸ್ಸಿನಲ್ಲಿ ಆಕೆ ದೊಡ್ಡ ಹೆಂಗಸಾಗೇ ಇದ್ದಳು.

ನಾವು ಐಟಿಯವರು. ಒಂದು ಸುಳಿವು ಹಿಡಿದು ಫೇಸ್‌ಬುಕ್‌ನಲ್ಲಿ ಹುಡುಕೋದು ನಮಗೆ ಎಷ್ಟರ ಕೆಲಸ? ಎರಡು ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಆಮೇಲೆ ಮುಚ್ಚಿಟ್ಟೆ. ಆಕೆಯ ಬಾಗಿಲಲ್ಲಿ ಹೋಗಿ ನಿಂತರೆ ನನಗೆ ಮುಖ ಸಿಗುತ್ತೆ, ಆಕೆಯ ಮನೆ ಉಳಿಯುತ್ತಾ? ಹುಡುಕೋದು ನನ್ನ ಹಕ್ಕು. ಸಿಗೋದು, ಬಿಡೋದು ಆಕೆಗೆ ಬಿಟ್ಟಿದ್ದು.

ಸಂಸ್ಥೆಯ ಫೈಲಿನಲ್ಲಿ ಒಂದು ಪತ್ರ ಇಟ್ಟು ಬಂದಿದ್ದೀನಿ. ‘ಚೆನ್ನಾಗಿದ್ದೀನಿ, ಸಿಟ್ಟಿಲ್ಲ’ ಅಂತ ಮರಾಠಿಯಲ್ಲಿ ಬರೆದು, ಕೆಳಗೆ ಫೋನ್ ನಂಬರ್. ಅವತ್ತಿಂದ ನಂಬರ್ ಬದಲಿಸಿಲ್ಲ.

ನಿಮ್ಮಲ್ಲಿ ಯಾರಾದರೂ ದತ್ತು ತಗೊಂಡಿದ್ದರೆ ಮಕ್ಕಳಿಗೆ ಬೇಗ ಹೇಳಿ. ಯಾರಾದರೂ ಹುಡುಕುತ್ತಿದ್ದರೆ, ಮೊದಲು ಮನೆಯಲ್ಲಿ ಹೇಳಿ. ನಾನು ಸುಮ್ಮನೆ ನಾಲ್ಕು ವರ್ಷ ಮುಚ್ಚಿಟ್ಟೆ.